ಹುಚ್ಚು ಹಸುವಿನ ರೋಗದ ಭಯವೇ? ಮಾಂಸ ಕೊಳ್ಳುವವರಿಗೆ, ಹಾಲು ಕಾಯಿಸುವವರಿಗೆ, ದನ ಸಾಕುವವರಿಗೆ ಒಂದು ಮಾರ್ಗದರ್ಶಿ

‘ಭೇಜಾ (ಪ್ರಾಣಿಯ ಮಿದುಳು) ತಿನ್ನಬಹುದೇ?’ ‘ನಮ್ಮ ಎಮ್ಮೆ ಹುಚ್ಚು ಹಿಡಿದು ಸತ್ತಿತು, ಹಾಲು ಕುಡಿದವರ ಗತಿಯೇನು?’ ‘ಚೀಲದ ಪಶು ಆಹಾರದಲ್ಲಿ ಮೂಳೆಪುಡಿ ಬೆರೆಸುತ್ತಾರಂತೆ, ನಿಜವೇ?’ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರ ಪ್ರಶ್ನೆಗಳು ಈ ಮೂರರ ಸುತ್ತಲೇ ತಿರುಗುತ್ತಿವೆ. ಹೊರದೇಶದ ಯಾವುದೋ ಹಸುವಿಗೆ ರೋಗ ಕಂಡಿತೆಂಬ ಸುದ್ದಿ ಮೊಬೈಲಿನಲ್ಲಿ ಓಡಾಡಿದಾಗಲೆಲ್ಲ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಅದಕ್ಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಇದುವರೆಗೆ ಹುಚ್ಚು ಹಸುವಿನ ರೋಗ ವರದಿಯಾಗಿಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2010ರಲ್ಲಿ ಭಾರತವನ್ನು ಈ ರೋಗದ ‘ನಗಣ್ಯ ಅಪಾಯ’ದ ದೇಶಗಳ ಪಟ್ಟಿಗೆ ಸೇರಿಸಿತು. ಹಸುವಿನ ಹಾಲಿನಿಂದ ಮನುಷ್ಯನಿಗೆ ಈ ರೋಗ ಬಂದ ನಿದರ್ಶನ ಜಗತ್ತಿನಲ್ಲೇ ಇಲ್ಲ. ಹಾಗಾದರೆ ಇಷ್ಟುದ್ದ ಬರೆಯುವುದೇಕೆ? ಇಲ್ಲದ ರೋಗಕ್ಕೆ ಹೆದರಿ ಕುಳಿತವರು ಕೊಟ್ಟಿಗೆಯಲ್ಲೇ ಇರುವ ರೋಗಗಳನ್ನು ಗಮನಿಸುವುದಿಲ್ಲ. ನನ್ನ ತಕರಾರು ಅಷ್ಟೇ.

ಮೊದಲು ನಾಲ್ಕು ಪದಗಳು

ಪ್ರಿಯಾನ್: ಇದು ಕ್ರಿಮಿಯಲ್ಲ, ವೈರಸ್ಸೂ ಅಲ್ಲ. ನಮ್ಮ ಮಿದುಳಿನಲ್ಲಿ ಸಹಜವಾಗಿಯೇ ಇರುವ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡ ರೂಪ. ಹಾಲಿಗೆ ಬಿದ್ದ ಹೆಪ್ಪು ಇಡೀ ಪಾತ್ರೆಯನ್ನು ಮೊಸರಾಗಿಸುವಂತೆ ಅದು ಪಕ್ಕದ ಪ್ರೋಟೀನುಗಳನ್ನೂ ತನ್ನ ಆಕಾರಕ್ಕೇ ತರುತ್ತದೆ. ಮಿದುಳು ಸ್ಪಂಜಿನಂತೆ ತೂತುತೂತಾಗುತ್ತದೆ. 1982ರಲ್ಲಿ ಈ ಹೆಸರಿಟ್ಟ ಅಮೆರಿಕದ ಸ್ಟ್ಯಾನ್ಲಿ ಪ್ರುಸಿನರ್ ಅವರಿಗೆ 1997ರಲ್ಲಿ ನೊಬೆಲ್ ಬಂತು.

ಬಿಎಸ್‌ಇ: ಹಸುಗಳಿಗೆ ಬರುವ ಪ್ರಿಯಾನ್ ರೋಗ. ಜನ ಹುಚ್ಚು ಹಸುವಿನ ರೋಗ ಎನ್ನುವುದು ಇದನ್ನೇ. ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಿಸಲಾಯಿತು.

ಸ್ಕ್ರೇಪಿ: ಕುರಿ, ಮೇಕೆಗಳ ಪ್ರಿಯಾನ್ ರೋಗ. ಯುರೋಪಿಗೆ ಇದು ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಗೊತ್ತು. ಭಾರತದಲ್ಲಿ ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಕಂಡ ಬಗ್ಗೆ 1961ರ ವರದಿಯಿದೆ. ಮನುಷ್ಯರಿಗೆ ಹರಡುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ.

ಸಿಜೆಡಿ: ಮನುಷ್ಯರ ಪ್ರಿಯಾನ್ ರೋಗ. ಇದರಲ್ಲಿ ಬಹುಪಾಲು ತಾನಾಗಿಯೇ ಬರುವಂಥದ್ದು, ಊಟಕ್ಕೂ ಅದಕ್ಕೂ ಸಂಬಂಧವಿಲ್ಲ. ಬಿಎಸ್‌ಇ ಇದ್ದ ಹಸುವಿನ ಅಂಗಾಂಶ ತಿಂದವರಿಗೆ ಬಂದದ್ದು ಅದರ ಬೇರೊಂದು ಬಗೆ. ಬ್ರಿಟನ್ 1996ರ ಮಾರ್ಚ್‌ನಲ್ಲಿ ಅದನ್ನು ಒಪ್ಪಿಕೊಂಡಿತು. ಅಲ್ಲಿ 1,80,000ಕ್ಕೂ ಹೆಚ್ಚು ಹಸುಗಳಲ್ಲಿ ರೋಗ ದೃಢಪಟ್ಟಿತ್ತು. ಈ ಬಗೆಯ ಸಿಜೆಡಿಯಿಂದ ಸತ್ತ ಮನುಷ್ಯರ ಸಂಖ್ಯೆ 178.

ಹಂತ 1: ಬೆಂಕಿಯನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು

‘ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ’ ಎಂಬುದು ನಮ್ಮ ಅಡುಗೆಮನೆಯ ದೊಡ್ಡ ನಂಬಿಕೆ. ಬ್ರುಸೆಲ್ಲಾ, ಕ್ಷಯ, ರೇಬೀಸ್ ಮೊದಲಾದವುಗಳ ಮಟ್ಟಿಗೆ ಅದು ಸರಿ. ಪ್ರಿಯಾನ್ ಮಾತ್ರ ಕುದಿತಕ್ಕೆ, ಕುಕ್ಕರಿಗೆ, ಫ್ರಿಜ್ಜಿಗೆ, ಸ್ಪಿರಿಟ್‌ಗೆ ಯಾವುದಕ್ಕೂ ಜಗ್ಗುವುದಿಲ್ಲ. ಶಸ್ತ್ರಚಿಕಿತ್ಸೆಯ ಉಪಕರಣಗಳಿಗೇ 134 ಡಿಗ್ರಿಯ ಒತ್ತಡದ ಹಬೆಯನ್ನು 18 ನಿಮಿಷ ಕೊಡಬೇಕು, ಇಲ್ಲವೇ ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಮನೆಯ ಒಲೆಗೆ ಇದು ನಿಲುಕುವ ಮಾತಲ್ಲ.

ಆದ್ದರಿಂದ ಪ್ರಿಯಾನ್ ತಡೆಯುವ ಕೆಲಸ ಅಡುಗೆಮನೆಗೆ ಬರುವ ಮೊದಲೇ ಮುಗಿದಿರಬೇಕು, ದನದ ಗೋದಲಿಯಲ್ಲಿ ಮತ್ತು ಕಟುಕನ ದಿಮ್ಮಿಯ ಮೇಲೆ. ಉಳಿದ ರೋಗಗಳನ್ನು ತಡೆಯುವ ಕೆಲಸ ಒಲೆಯ ಮೇಲೆ. ಮುಂದಿನ ಹಂತಗಳನ್ನು ಈ ವ್ಯತ್ಯಾಸ ನೆನಪಿನಲ್ಲಿಟ್ಟುಕೊಂಡು ಓದಿ.

ಹಂತ 2: ಹಾಲು

ಬಿಎಸ್‌ಇ ತಗುಲಿದ ಹಸುಗಳ ಹಾಲನ್ನು ಪರೀಕ್ಷಿಸಿದಾಗಲೂ ರೋಗ ಹರಡುವ ಗುಣ ಕಂಡುಬಂದಿಲ್ಲ. ರೋಗವಿರುವ ದೇಶದಿಂದ ಬಂದರೂ ಹಾಲು ಮತ್ತು ಹಾಲಿನ ಉತ್ಪನ್ನಗಳು ಸುರಕ್ಷಿತ ಎಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮಾವಳಿಯೇ ಹೇಳುತ್ತದೆ. ಸ್ಕ್ರೇಪಿ ಇದ್ದ ತಾಯಿಕುರಿಯ ಹಾಲಿನಿಂದ ಮರಿಗೆ ರೋಗ ದಾಟುವುದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡಿದೆ. ಅದು ಕುರಿಯಿಂದ ಕುರಿಗೆ. ಅದನ್ನೇ ಹಿಡಿದುಕೊಂಡು ‘ಹಾಲಿನಲ್ಲಿ ಪ್ರಿಯಾನ್’ ಎಂದು ಹರಡುವ ಸಂದೇಶಗಳನ್ನು ಮುಂದೆ ಕಳುಹಿಸಬೇಡಿ.

ಹಾಲಿನಲ್ಲಿ ನಿಜವಾಗಿ ನೋಡಬೇಕಾದದ್ದು ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ. ಗರ್ಭ ತುಂಬುವ ಮೊದಲೇ, ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ, ಹಸು ಕಂದು ಹಾಕಿದರೆ ಮೊದಲ ಸಂಶಯ ಇದರ ಮೇಲಿರಲಿ. ಹಸಿ ಹಾಲು ಕುಡಿದವರಿಗೆ, ಬರಿಗೈಯಲ್ಲಿ ಸತ್ತೆ (ಮಾಸು) ತೆಗೆದವರಿಗೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಮಾಡಬೇಕಾದದ್ದು ಇಷ್ಟು:

• ಬಿಡಿ ಹಾಲು ಯಾರ ಮನೆಯದೇ ಆಗಲಿ, ಉಕ್ಕಿ ಬರುವಂತೆ ಕಾಯಿಸಿ, ಉರಿ ತಗ್ಗಿಸಿ ಇನ್ನೂ ಒಂದೆರಡು ನಿಮಿಷ ಕೈಯಾಡಿಸುತ್ತ ಕುದಿಸಿ.

• ‘ನೊರೆಹಾಲು ಬಲ ಕೊಡುತ್ತದೆ’ ಎಂದು ಮಕ್ಕಳಿಗೆ ಕೆಚ್ಚಲಿನಿಂದ ನೇರವಾಗಿ ಕರೆದು ಕೊಡುವುದನ್ನು ನಿಲ್ಲಿಸಿ. ಗಿಣ್ಣದ ಹಾಲನ್ನೂ ಹಸಿಯಾಗಿ ರುಚಿ ನೋಡಬೇಡಿ.

• ಒಕ್ಕೂಟದ ಪ್ಯಾಕೆಟ್ ಹಾಲು ಪಾಶ್ಚರೀಕರಣಗೊಂಡಿರುತ್ತದೆ, ಅಂದರೆ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣಿಸಿರುತ್ತಾರೆ. ನಮ್ಮ ಕಡೆಯ ಬೇಸಿಗೆಯಲ್ಲಿ ಅಂಗಡಿಯ ಹೊರಗೆ ಬಿಸಿಲಿನಲ್ಲಿಟ್ಟ ಕ್ರೇಟಿನ ಪ್ಯಾಕೆಟ್ ಬೇಡ. ಅದರ ತೊಂದರೆ ಬೇರೆಯೇ.

• ಹೆಣ್ಣುಕರುವಿಗೆ 4ರಿಂದ 8 ತಿಂಗಳ ಒಳಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅದು ಉಚಿತ. ವಯಸ್ಸು ದಾಟಿದರೆ ಹಾಕುವುದಿಲ್ಲ.

ಹಂತ 3: ಮಾಂಸದ ಅಂಗಡಿಯಲ್ಲಿ

ಪ್ರಿಯಾನ್ ರೋಗವಿರುವ ಪ್ರಾಣಿಯಲ್ಲೂ ಅಪಾಯ ಮೈಯೆಲ್ಲ ಸಮನಾಗಿ ಹರಡಿರುವುದಿಲ್ಲ. ಮಿದುಳು, ಕಣ್ಣು, ಬೆನ್ನುಹುರಿ, ಅದರ ಬದಿಯ ನರಗಂಟುಗಳು, ಗಂಟಲಿನ ಟಾನ್ಸಿಲ್, ಸಣ್ಣಕರುಳಿನ ಕೊನೆಯ ಭಾಗ ಇವುಗಳಲ್ಲಿ ಹೆಚ್ಚು. ಬಿಎಸ್‌ಇ ಕಂಡ ದೇಶಗಳಲ್ಲಿ ಇವನ್ನು ‘ನಿರ್ದಿಷ್ಟ ಅಪಾಯದ ಭಾಗ’ ಎಂದು ಕತ್ತರಿಸಿ, ಬಣ್ಣ ಹಾಕಿ ನಾಶಮಾಡುತ್ತಾರೆ. ಬರೀ ಸ್ನಾಯುವಿನ ಮಾಂಸಕ್ಕೆ ಈ ಕಳಂಕವಿಲ್ಲ.

ಇಲ್ಲಿ ಒಂದು ಗೊಂದಲ ತುಂಬ ಜನರಿಗಿದೆ. ನಲ್ಲಿಮೂಳೆಯೊಳಗೆ ಇರುವುದು ಮಜ್ಜೆ. ಬೆನ್ನುಮೂಳೆಯ ಕೊಳವೆಯಲ್ಲಿ ಬಿಳಿ ದಾರದಂತೆ ಹಾದುಹೋಗುವುದು ಬೆನ್ನುಹುರಿ. ಎರಡೂ ಬೇರೆ ಬೇರೆ. ಪಾಯಾ, ನಲ್ಲಿ ಇವು ಅಪಾಯದ ಭಾಗಗಳ ಪಟ್ಟಿಯಲ್ಲಿಲ್ಲ, ನಿಶ್ಚಿಂತೆಯಿಂದ ಉಣ್ಣಿ.

ಇನ್ನು ಭೇಜಾ. ವಯಸ್ಸು ಇಲ್ಲಿ ಮುಖ್ಯ. ಪ್ರಿಯಾನ್ ರೋಗ ವರ್ಷಗಟ್ಟಲೆ ಒಳಗೇ ಬೆಳೆಯುತ್ತದೆ, ಹಸುವಿನಲ್ಲಿ ಸಾಮಾನ್ಯವಾಗಿ ನಾಲ್ಕೈದು ವರ್ಷ ಹಿಡಿಯುತ್ತದೆ. ಹಾಗಾಗಿ ಯುರೋಪಿನವರು ಕುರಿ, ಮೇಕೆಯ ತಲೆಬುರುಡೆ ಮತ್ತು ಬೆನ್ನುಹುರಿಯನ್ನು 12 ತಿಂಗಳು ದಾಟಿದವುಗಳಲ್ಲಿ ತೆಗೆದುಹಾಕುತ್ತಾರೆ. ಬ್ರಿಟನ್ 1996ರಿಂದ ಹಲವು ವರ್ಷ 30 ತಿಂಗಳು ದಾಟಿದ ದನದ ಮಾಂಸವನ್ನೇ ಊಟಕ್ಕೆ ಬಿಡಲಿಲ್ಲ. ನಮ್ಮಲ್ಲಿ ಲೆಕ್ಕ ತಿರುವುಮುರುವು. ಕರ್ನಾಟಕದ 2020ರ ಕಾಯ್ದೆಯಂತೆ ದನದ ವಧೆ ನಿಷಿದ್ಧ, 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅನುಮತಿಯೊಂದಿಗೆ ಅವಕಾಶ. ಅಂದರೆ ಅಂಗಡಿಗೆ ಬರುವ ದೊಡ್ಡ ಪ್ರಾಣಿ ಕಾನೂನಿನ ಪ್ರಕಾರವೇ ಮುದಿಯದು.

ದೇಶದಲ್ಲಿ ರೋಗವೇ ಇಲ್ಲದಿರುವಾಗ ಇದು ಗಾಬರಿಯ ವಿಷಯವಲ್ಲ. ಆದರೂ ನನ್ನನ್ನು ಕೇಳಿದರೆ, ಎಳೆ ಮೇಕೆ, ಕುರಿಯ ಭೇಜಾ ತಿನ್ನುವವರನ್ನು ನಾನು ತಡೆಯುವುದಿಲ್ಲ, ಮುದಿ ಎಮ್ಮೆಯದನ್ನು ಬಿಡಿ ಎನ್ನುತ್ತೇನೆ. ಕಲಬುರಗಿಯ ತಹರಿಯ ರುಚಿ ಅದರಿಂದ ಕಡಿಮೆಯಾಗುವುದಿಲ್ಲ.

ಅಂಗಡಿಯಲ್ಲಿ ಹೀಗೆ ಮಾಡಿ. ಬೆನ್ನಿನ ಭಾಗ ಕೊಂಡರೆ ಮೂಳೆಯೊಳಗಿನ ಬಿಳಿ ಹುರಿಯನ್ನು ತೆಗೆದುಕೊಡಲು ಹೇಳಿ, ಒಂದು ಎಳೆತಕ್ಕೆ ಬರುತ್ತದೆ. ಖೀಮಾ ಬೇಕಿದ್ದರೆ ತುಂಡು ಆರಿಸಿ ಕಣ್ಣೆದುರೇ ಅರೆಸಿಕೊಳ್ಳಿ. ಬ್ರಿಟನ್ನಿನಲ್ಲಿ ಜನರಿಗೆ ಅಪಾಯ ತಲುಪಿದ ಮುಖ್ಯ ದಾರಿಗಳಲ್ಲಿ ಒಂದು, ಬೆನ್ನುಮೂಳೆಗೆ ಅಂಟಿದ ಚೂರುಗಳನ್ನೂ ಯಂತ್ರದಿಂದ ಹಿಂಡಿ ತೆಗೆದು ಅಗ್ಗದ ಅರೆದ ಮಾಂಸಕ್ಕೆ ಬೆರೆಸಿದ್ದು. ತಲೆ ಒಡೆದ ಕತ್ತಿ, ದಿಮ್ಮಿಯಲ್ಲೇ ಉಳಿದದ್ದನ್ನೂ ಕಡಿಯುತ್ತಿದ್ದರೆ ತೊಳೆದು ಕಡಿಯಲು ಹೇಳಲು ಸಂಕೋಚ ಬೇಡ. ವಧೆಗೆ ಮುಂಚೆ ಪಶುವೈದ್ಯರ ತಪಾಸಣೆ ನಡೆಯುವ ಕಸಾಯಿಖಾನೆಯ ಮಾಂಸವನ್ನೇ ಆರಿಸಿ. ಅಗ್ಗಕ್ಕೆ ಸಿಕ್ಕಿತೆಂದು ಬಿದ್ದ, ಏಳಲಾಗದ ಪ್ರಾಣಿಯ ಪಾಲು ತರಬೇಡಿ.

ಜೆಲಟಿನ್ ಕ್ಯಾಪ್ಸೂಲಿನ ಬಗ್ಗೆಯೂ ಕೇಳುತ್ತಾರೆ. ಚರ್ಮದಿಂದ ತೆಗೆದ ಜೆಲಟಿನ್ ಈ ರೋಗದ ಮಟ್ಟಿಗೆ ಸುರಕ್ಷಿತ. ಸಸ್ಯಾಹಾರದ ಕಾರಣಕ್ಕೆ ಬೇಡವೆನ್ನುವವರು ತಿಂಡಿಯ ಪೊಟ್ಟಣದಲ್ಲಿ ಹಸಿರು ಚುಕ್ಕೆ ನೋಡಿಕೊಳ್ಳಿ.

ಹಂತ 4: ಗೋದಲಿ

ಇಡೀ ಕಥೆಯ ಬೇರು ಇಲ್ಲಿದೆ. ಬ್ರಿಟನ್ನಿನಲ್ಲಿ ಬಿಎಸ್‌ಇ ಹಬ್ಬಿದ್ದು ಸತ್ತ, ಕೊಯ್ದ ಪ್ರಾಣಿಗಳ ಉಳಿಕೆಯನ್ನು ಬೇಯಿಸಿ ಪುಡಿಮಾಡಿ, ‘ಮಾಂಸ–ಮೂಳೆ ಹಿಟ್ಟು’ ಎಂದು ಹಸುಗಳಿಗೇ ತಿನ್ನಿಸಿದ್ದರಿಂದ. ಹುಲ್ಲು ತಿನ್ನುವ ಪ್ರಾಣಿಗೆ ತನ್ನದೇ ಜಾತಿಯ ಮೂಳೆ ತಿನ್ನಿಸಿ ಹೆಚ್ಚು ಹಾಲು ಕರೆಯುವ ಲೆಕ್ಕಾಚಾರ. ಜುಲೈ 1988ರಲ್ಲಿ ಅದನ್ನು ನಿಷೇಧಿಸಿದರು. ಒಳಗೆ ಬೆಳೆಯುತ್ತಿದ್ದ ರೋಗ ಆಮೇಲೂ ವರ್ಷಗಟ್ಟಲೆ ಹೊರಬರುತ್ತಲೇ ಇತ್ತು.

ನಮ್ಮ ಕಡೆಯ ದೇವಣಿ ಹಸು, ಎಮ್ಮೆ ತಿನ್ನುವುದು ಜೋಳದ ಕಣಿಕೆ, ತೊಗರಿ ಹೊಟ್ಟು, ದಾಲ್ ಮಿಲ್ಲಿನ ಚುನ್ನಿ, ಹತ್ತಿಕಾಳು, ಶೇಂಗಾ ಹಿಂಡಿ. ಭಾರತದ ಅಪಾಯ ‘ನಗಣ್ಯ’ವಾಗಿರುವುದರಲ್ಲಿ ಈ ಬಡ ಮೇವಿನ ಪಾಲು ದೊಡ್ಡದು. ನಮ್ಮ ಸರ್ಕಾರ ಅಮೆರಿಕದ ಹಾಲಿನ ಉತ್ಪನ್ನಗಳಿಗೆ ‘ಈ ಹಸುಗಳಿಗೆ ಮೆಲುಕು ಹಾಕುವ ಪ್ರಾಣಿಗಳ ಅಂಗಾಂಶ, ರಕ್ತದ ಪುಡಿ ತಿನ್ನಿಸಿಲ್ಲ’ ಎಂಬ ಪ್ರಮಾಣಪತ್ರ ಕೇಳುತ್ತಿರುವುದೂ, ಅದರಿಂದ ವರ್ಷಗಳಿಂದ ಜಗಳ ನಡೆದಿರುವುದೂ ಇದೇ ಮೇವಿನ ವಿಷಯಕ್ಕೆ. ಧಾರ್ಮಿಕ ಕಾರಣವೂ ಅದರಲ್ಲಿದೆ.

ಚೀಲದ ಪಶು ಆಹಾರ ಕೊಳ್ಳುವಾಗ ಈ ಕ್ರಮ ಅನುಸರಿಸಿ.

ಒಂದು: ಚೀಲದ ಮೇಲೆ ಐಎಸ್‌ಐ ಗುರುತು, ‘ಐಎಸ್ 2052’ ಎಂಬ ಸಂಖ್ಯೆ ಇದೆಯೇ ನೋಡಿ. ಅದು ದನಗಳ ಮಿಶ್ರ ಆಹಾರದ ಮಾನಕ. ಖನಿಜ ಮಿಶ್ರಣಕ್ಕಾದರೆ ‘ಐಎಸ್ 1664’. ಗುರುತಿಲ್ಲದ, ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಚೀಲ ಬೇಡ.

ಎರಡು: ಪದಾರ್ಥಗಳ ಪಟ್ಟಿ ಓದಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಹಾಲು, ಮಾಂಸ ಕೊಡುವ ಪ್ರಾಣಿಗಳಿಗೆ ದನ ಅಥವಾ ಹಂದಿಯ ಮಾಂಸ, ಮೂಳೆ, ಒಳಾಂಗ, ರಕ್ತದ ಪುಡಿ ಇರುವ ಆಹಾರ ಹಾಕುವಂತಿಲ್ಲ. ಕೋಳಿ, ಹಂದಿ, ಮೀನಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ.

ಮೂರು: ಆ ವಿನಾಯಿತಿಯಲ್ಲೇ ಗುಂಡಿಯಿದೆ. ಕೋಳಿ ಆಹಾರದಲ್ಲಿ ಪ್ರಾಣಿಮೂಲದ ಪುಡಿ ಕಾನೂನುಬದ್ಧವಾಗಿಯೇ ಇರಬಹುದು. ಫಾರಂನಲ್ಲಿ ಉಳಿದ ಕೋಳಿ ಆಹಾರವನ್ನು ಎಮ್ಮೆಗೆ ಸುರಿಯಬೇಡಿ. ಕೋಳಿಗೊಬ್ಬರವನ್ನು ಮೇವಿಗೆ ಬೆರೆಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ, ಅದರಲ್ಲಿ ಚೆಲ್ಲಿದ ಆಹಾರವೂ ಇರುತ್ತದೆ, ಸತ್ತ ಕೋಳಿಯ ಚೂರೂ ಇರುತ್ತದೆ.

ನಾಲ್ಕು: ಗಿಡಗಳಿಗೆ ಮಾರುವ ಮೂಳೆಪುಡಿ ಗೊಬ್ಬರವನ್ನು ಮೇವಿನ ಕೋಣೆಯಲ್ಲಿಡಬೇಡಿ. ಒಂದೇ ಮಗ್ಗಿನಿಂದ ಎರಡನ್ನೂ ಅಳೆಯಬೇಡಿ.

ಐದು: ಖನಿಜ ಮಿಶ್ರಣದ ಪಟ್ಟಿಯಲ್ಲಿ ‘ಡೈಕ್ಯಾಲ್ಸಿಯಂ ಫಾಸ್ಫೇಟ್’ ಎಂದು ಕಂಡರೆ ಬೆಚ್ಚಬೇಡಿ. ಅದನ್ನು ಬಂಡೆಯ ರಂಜಕದಿಂದಲೂ ಮಾಡುತ್ತಾರೆ, ಮೂಳೆಯಿಂದಲೂ ಮಾಡುತ್ತಾರೆ. ಪ್ರೋಟೀನು, ಕೊಬ್ಬಿನ ಅಂಶ ಉಳಿಯದಂತೆ ತಯಾರಾಗಿದ್ದರೆ ಎರಡೂ ಸುರಕ್ಷಿತ. ‘ಮೂಳೆಪುಡಿ’ ಎಂದೇ ಬರೆದಿದ್ದರೆ ಕೊಳ್ಳಬೇಡಿ.

ಬಯಲಿನಲ್ಲಿ ಮೇಯುವ ದನ ಬಿದ್ದ ಮೂಳೆಯನ್ನು ಕಚ್ಚಿ ಅಗಿಯುತ್ತಿದ್ದರೆ ಹೆಚ್ಚಾಗಿ ಅದಕ್ಕೆ ರಂಜಕದ ಕೊರತೆಯಿರುತ್ತದೆ. ಒಣ ಮೇವಿನ ಸೀಮೆಯಲ್ಲಿ ಇದು ಅಪರೂಪವಲ್ಲ. ಪ್ರಿಯಾನ್‌ಗಿಂತ ಹತ್ತಿರದ ಅಪಾಯ ಬಾಟುಲಿಸಂ: ಕೊಳೆತ ಮೂಳೆಯ ವಿಷದಿಂದ ಕಾಲು, ನಾಲಿಗೆ ಸೋತು ಪ್ರಾಣಿ ನೆಲ ಹಿಡಿಯುತ್ತದೆ. ಖನಿಜ ಮಿಶ್ರಣ ಶುರುಮಾಡಿ, ದೊಡ್ಡ ಪ್ರಾಣಿಗೆ ಸಾಮಾನ್ಯವಾಗಿ ದಿನಕ್ಕೆ 50 ಗ್ರಾಂ ಹೇಳುತ್ತಾರೆ. ಮೇಯುವ ಜಾಗದ ಮೂಳೆಗಳನ್ನು ಹೆಕ್ಕಿ ಹೂಳಿ.

ಹಂತ 5: ‘ಹುಚ್ಚು ಹಿಡಿದ’ ಪ್ರಾಣಿ ಎದುರಿಗಿದ್ದರೆ

ನಮ್ಮ ಮೂರು ಜಿಲ್ಲೆಗಳಲ್ಲಿ ಎಮ್ಮೆಗೋ ಹಸುವಿಗೋ ಹುಚ್ಚು ಹಿಡಿಯಿತೆಂದರೆ ಮೊದಲು ರೇಬೀಸ್ ಎಂದೇ ತಿಳಿಯಿರಿ. ಬಿಎಸ್‌ಇ ಎಂದು ತಿಳಿದು ‘ಅದು ಮುಟ್ಟಿದರೆ ಬರುವುದಿಲ್ಲವಂತೆ’ ಎಂದು ಬರಿಗೈ ಹಾಕಿದರೆ ಜೀವಕ್ಕೇ ಕುತ್ತು.

ವ್ಯತ್ಯಾಸ ಹೀಗೆ ಗುರುತಿಸಿ. ರೇಬೀಸಿನಲ್ಲಿ ಎಲ್ಲವೂ ಅವಸರ: ದನಿ ಒಡೆದು ಬೇರೆಯಾಗಿ ಕೂಗುತ್ತದೆ, ಜೊಲ್ಲು ಸುರಿಯುತ್ತದೆ, ನೀರು ನುಂಗಲಾಗದು, ಹಾಯಲು ಬರುತ್ತದೆ ಇಲ್ಲವೇ ಮಂಕಾಗಿ ಹಿಂಗಾಲು ಸೋಲುತ್ತದೆ, ಲಕ್ಷಣ ಕಂಡ ಹತ್ತು ದಿನದೊಳಗೆ ಸಾಮಾನ್ಯವಾಗಿ ಸಾಯುತ್ತದೆ. ಬಿಎಸ್‌ಇಯಲ್ಲಿ ಎಲ್ಲವೂ ನಿಧಾನ: ವಾರ, ತಿಂಗಳುಗಟ್ಟಲೆ ಬೆಚ್ಚುವುದು, ಕರೆಯುವಾಗ ಒದೆಯುವುದು, ಹೆಜ್ಜೆ ತಪ್ಪುವುದು, ಮೇವು ತಿಂದರೂ ಸೊರಗುವುದು. ಹಾಲುಜ್ವರ, ಮೆಗ್ನೀಷಿಯಂ ಕೊರತೆ, ಕರು ಹಾಕಿದ ಮೇಲೆ ಮೈಗೆ ಶಕ್ತಿ ಸಾಲದೆ ಬರುವ ಕೀಟೋಸಿಸ್, ಹಳೆಯ ಬ್ಯಾಟರಿ ನೆಕ್ಕಿ ಆಗುವ ಸೀಸದ ವಿಷ ಇವೂ ಹುಚ್ಚಿನಂತೆಯೇ ಕಾಣುತ್ತವೆ. ಇವುಗಳಿಗೆ ಬೇಗ ಸಿಕ್ಕರೆ ಚಿಕಿತ್ಸೆಯಿದೆ.

ಕ್ರಮ:

1. ಪ್ರಾಣಿಯನ್ನು ಪ್ರತ್ಯೇಕವಾಗಿ ಕಟ್ಟಿ, ಮಕ್ಕಳನ್ನು ದೂರವಿಡಿ.

2. ಗಂಟಲಿನಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಜನ ಅತಿ ಹೆಚ್ಚು ಮಾಡುವ ತಪ್ಪು ಇದೇ. ನಾಟಿ ಔಷಧಿ ಕುಡಿಸಲು ಗೊಟ್ಟ ಹಿಡಿಯುವುದೂ ಅಷ್ಟೇ ಅಪಾಯ.

3. ಪಶುಪಾಲನಾ ಇಲಾಖೆಯ 1962 ಸಂಖ್ಯೆಗೆ ಕರೆ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ನಾಯಿ ಕಚ್ಚಿದ್ದು ನೆನಪಿದ್ದರೆ ಮೊದಲು ಅದನ್ನೇ ಹೇಳಿ.

4. ಜೊಲ್ಲು ಗಾಯಕ್ಕೋ ಕಣ್ಣು, ಬಾಯಿಗೋ ತಾಗಿದ್ದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ, ಕಣ್ಣು, ಬಾಯಿಯನ್ನು ಬರೀ ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆಗೆ ಹೋಗಿ. ಅರಿಶಿನ, ಖಾರದಪುಡಿ ಮೆತ್ತಬೇಡಿ.

5. ಅದರ ಹಾಲನ್ನು ಕಾಯಿಸಿ ಕುಡಿದವರು ಗಾಬರಿಪಡಬೇಕಿಲ್ಲ, ಬಿಸಿಗೆ ರೇಬೀಸ್ ವೈರಸ್ ಉಳಿಯುವುದಿಲ್ಲ. ಹಸಿಯಾಗಿ ಕುಡಿದವರು ವೈದ್ಯರನ್ನು ಕಾಣಲಿ. ಉಳಿದ ಹಾಲು ಚೆಲ್ಲಿ.

ಕುರಿಗಾರರಿಗೆ ಎರಡು ಮಾತು. ಕೆಂಗುರಿಯೋ ಡೆಕ್ಕನಿಯೋ ಕಂಬಕ್ಕೆ ಮೈ ಉಜ್ಜಿ ಉಣ್ಣೆ ಉದುರಿಸುತ್ತಿದ್ದರೆ ಅದು ಬಹುತೇಕ ಕಜ್ಜಿ ಅಥವಾ ಹೇನು. ಒಂದೇ ಕಡೆಗೆ ಗಿರಗಿರನೆ ಸುತ್ತುತ್ತಿದ್ದರೆ ಮಿದುಳಿನಲ್ಲಿ ಲಾಡಿಹುಳುವಿನ ನೀರುಗುಳ್ಳೆ ಇರಬಹುದು. ಆ ಹುಳು ನಾಯಿಯ ಹೊಟ್ಟೆಯಲ್ಲಿ ಬೆಳೆಯುತ್ತದೆ. ಕುರಿಯ ಹಸಿ ತಲೆಯನ್ನು ನಾಯಿಗೆ ಎಸೆಯುವುದೇ ಅದನ್ನು ಸಾಕುವ ದಾರಿ. ಜಾತ್ರೆ, ಬಕ್ರೀದ್ ಆದ ಮರುದಿನ ತಲೆಬುರುಡೆಗಳನ್ನು ಆಳವಾಗಿ ಹೂಳಿ, ಮಂದೆಯ ನಾಯಿಗೆ ಜಂತುಹುಳುವಿನ ಔಷಧಿ ಕೊಡಿಸಿ.

ಹಂತ 6: ಪ್ರಾಣಿ ಸತ್ತ ಮೇಲೆ

ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಅದು ನೆರಡಿ ರೋಗವೆಂದೂ ಕರೆಯುವ ಆಂಥ್ರಾಕ್ಸ್ ಇರಬಹುದು. ಕೊಯ್ಯಬೇಡಿ, ಚರ್ಮ ಸುಲಿಯಬೇಡಿ, ವೈದ್ಯರು ಬರುವವರೆಗೆ ಮುಟ್ಟಬೇಡಿ. ನರರೋಗದಿಂದ ಸತ್ತ ಪ್ರಾಣಿಯ ತಲೆಯನ್ನೂ ನೀವೇ ಕತ್ತರಿಸಬೇಡಿ. ರೇಬೀಸ್ ಆಗಲಿ ಬಿಎಸ್‌ಇ ಆಗಲಿ ಖಚಿತವಾಗುವುದು ಮಿದುಳಿನ ಮಾದರಿಯಿಂದ. ಅದನ್ನು ತೆಗೆಯುವ, ಸರಿಯಾದ ಪ್ರಯೋಗಾಲಯಕ್ಕೆ ಕಳುಹಿಸುವ ಕೆಲಸ ಪಶುವೈದ್ಯರದು. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ವಿಚಿತ್ರ ಪ್ರಕರಣವಿದ್ದರೆ ಅಲ್ಲಿನ ಕಾಲೇಜಿನವರ ಸಲಹೆ ಪಡೆಯಲು ನಿಮ್ಮ ವೈದ್ಯರನ್ನು ಕೇಳಿ.

ಹಂತ 7: ಮನೆಯವರಿಗೇ ಮರೆವು, ನಡುಕ ಶುರುವಾದರೆ

ಅರವತ್ತು ದಾಟಿದ ಹಿರಿಯರು ಕೆಲವೇ ವಾರಗಳಲ್ಲಿ ಹೆಸರು ಮರೆತು, ನಡಿಗೆ ತಪ್ಪಿ, ಕೈಕಾಲು ಬೆಚ್ಚಿಬೀಳುವಂತೆ ಜಗ್ಗತೊಡಗಿದರೆ ವೈದ್ಯರು ಸಿಜೆಡಿಯ ಹೆಸರೆತ್ತಬಹುದು. ಆಗ ಮನೆಯಲ್ಲಿ ‘ಏನು ತಿನ್ನಿಸಿದಿರಿ’ ಎಂಬ ಜಗಳ ಶುರುವಾಗುತ್ತದೆ. ಬೇಡ. ತಾನಾಗಿ ಬರುವ ಸಿಜೆಡಿ ಜಗತ್ತಿನೆಲ್ಲೆಡೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಕಾಣಿಸಿಕೊಳ್ಳುತ್ತದೆ. ಹುಟ್ಟಾ ಸಸ್ಯಾಹಾರಿಗಳಿಗೂ ಬರುತ್ತದೆ. ಒಂದೇ ತಟ್ಟೆಯಲ್ಲಿ ಉಂಡರೆ, ಮೈ ತೊಳೆಸಿದರೆ, ಪಕ್ಕದಲ್ಲಿ ಮಲಗಿದರೆ ಹರಡುವುದಿಲ್ಲ. ರೋಗಿಯನ್ನು ಹೊರಗಿನ ಕೋಣೆಗೆ ಹಾಕುವ ಕ್ರೌರ್ಯಕ್ಕೆ ಯಾವ ಆಧಾರವೂ ಇಲ್ಲ.

ಈ ರೋಗಕ್ಕೆ ಮದ್ದಿಲ್ಲ ಎಂಬುದು ನಿಜ. ಆದರೆ ಇದರಂತೆಯೇ ಕಾಣುವ, ಮದ್ದಿರುವ ರೋಗಗಳು ಹಲವಿವೆ: ಬಿ12 ಕೊರತೆ, ಥೈರಾಯ್ಡ್, ದೇಹದ ರೋಗನಿರೋಧಕ ಶಕ್ತಿಯೇ ತಿರುಗಿ ಬಿದ್ದು ಆಗುವ ಮಿದುಳಿನ ಉರಿಯೂತ. ಆದ್ದರಿಂದ ಹೆಸರು ಕೇಳಿದ ಕೂಡಲೇ ಕೈಚೆಲ್ಲಿ ಊರಿಗೆ ಕರೆತರಬೇಡಿ. ಎಂಆರ್‌ಐ, ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಇಇಜಿ, ಬೆನ್ನುನೀರಿನ ಪರೀಕ್ಷೆ ಮುಗಿಯಲಿ. ಕಲಬುರಗಿಯ ನರರೋಗ ತಜ್ಞರಿಗೆ ಸಂಶಯ ಉಳಿದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಪತ್ರ ಬರೆಸಿಕೊಳ್ಳಿ. ಸಿಜೆಡಿ ಪ್ರಕರಣಗಳನ್ನು ದಶಕಗಳಿಂದ ದಾಖಲಿಸುತ್ತ ಬಂದ ಸಂಸ್ಥೆ ಅದು. ಹೋಗುವಾಗ ಹಳೆಯ ವರದಿಗಳ ಜೊತೆ ರೋಗಿಯ ನಡಿಗೆ, ಕೈಕಾಲಿನ ಜಗ್ಗಾಟವನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಒಯ್ಯಿರಿ, ಮತ್ತು ಮೊದಲ ಲಕ್ಷಣ ಕಂಡ ತಾರೀಖನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ರೋಗ ಎಷ್ಟು ವೇಗವಾಗಿ ಏರಿತು ಎಂಬುದನ್ನೇ ವೈದ್ಯರು ಮೊದಲು ಕೇಳುತ್ತಾರೆ.